ಯಂತ್ರಶಿಲ್ಪಿ ಹೆನ್ರಿ ಮಾಡ್‌ಸ್ಲೇ

ಸೈಕಲ್ಲಿನ ಒಂದು ನಟ್ಟು ದಾರಿಯಲ್ಲಿ ಬಿದ್ದುಹೋದರೆ ಯಾರೂ ಬಹಳ ಚಿಂತಿಸುವುದಿಲ್ಲ. ಅಂಗಡಿಗೆ ಹೋಗಿ ಅದೇ ಅಳತೆಯ ಇನ್ನೊಂದು ನಟ್ಟನ್ನು ತಂದು ಹಾಕಿದರೆ ಅದು ಹಳೆಯ ಬೋಲ್ಟಿಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ಇದರಲ್ಲಿ ವಿಸ್ಮಯಪಡುವಂಥದು ಏನಾದರೂ ಇದೆಯೆಂದು ಇಂದು ತೋರುವುದೇ ಇಲ್ಲ. ಆದರೆ ಹದಿನೆಂಟನೆಯ ಶತಮಾನದ ಕೊನೆಯವರೆಗೂ ಸ್ಥಿತಿ ಹೀಗಿರಲಿಲ್ಲ. ಆಗ ಪ್ರತಿಯೊಂದು ಬೋಲ್ಟಿಗೂ ಅದಕ್ಕೆಂದೇ ಮಾಡಿದ ನಟ್ಟು ಬೇಕಾಗಿತ್ತು. ಯಂತ್ರವನ್ನು ದುರಸ್ತಿಗಾಗಿ ಬಿಚ್ಚುವವನು ಯಾವ ನಟ್ಟು ಯಾವ ಬೋಲ್ಟಿನದು ಎಂದು ಗುರುತು ಹಾಕಿ ಇಡಬೇಕಾಗಿತ್ತು. ಗುರುತು ತಪ್ಪಿ ಒಂದರೊಡನೊಂದು ಬೆರೆತುಹೋದರೆ ಪಡಬಾರದ ಪಾಡು ಪಡಬೇಕಾಗಿತ್ತು. ಏಕೆಂದರೆ ಒಬ್ಬೊಬ್ಬ ಕೆಲಸಗಾರನೂ ತನ್ನ ಕಣ್ಣಳತೆ, ಕೈಯಳತೆಗಳಿಂದ ತಿರುಪಿನ ಎಳೆಗಳನ್ನು ಕೊರೆಯುತ್ತಿದ್ದನು. ಎರಡು ಕೈಗಳು ಒಂದೇ ಬಗೆಯಾಗಿ ಕೊರೆಯುವುದು ಸಾಧ್ಯವಿರಲಿಲ್ಲ. ಅಷ್ಟೇಕೆ, ಒಂದೇ ಕೈ ಎರಡು ದಿನ ಒಂದೇ ಬಗೆಯಾಗಿ ಕೊರೆಯುವುದೂ ಕಷ್ಟವೇ. ಈ ಸ್ಥಿತಿಯನ್ನು ಬದಲಾಯಿಸುವುದಕ್ಕೆ ಎಲ್ಲರಿಗಿಂತ ಹೆಚ್ಚಾಗಿ ದುಡಿದವನು ಇಂಗ್ಲೆಂಡಿನ ಒಬ್ಬ ಕಮ್ಮಾರ, ಹೆನ್ರಿ ಮಾಡ್‌ಸ್ಲೇ.

ಮಾಡ್‌ಸ್ಲೇ 1771ರ ಆಗಸ್ಟ್ 22ರಂದು ಲಂಡನ್ನಿನ ಬಳಿಯ ವುಲಿಚ್ ಎಂಬ ಊರಿನಲ್ಲಿ ಹುಟ್ಟಿದನು. ಥೇಮ್ಸ್ ನದಿಯ ದಡದಲ್ಲಿರುವ ಆ ಊರು ಸರಕಾರದ ದೊಡ್ಡ ಶಸ್ತ್ರಾಗಾರಕ್ಕೆ ಹೆಸರಾಗಿತ್ತು. ಅವನ ತಂದೆ ಸೈನ್ಯದಲ್ಲಿ ಗಾಡಿಯ ಚಕ್ರಗಳನ್ನು ಮಾಡುವ ಬಡಗಿ. ಯುದ್ಧದಲ್ಲಿ ಗಾಯಗೊಂಡ ಮೇಲೆ ಆತನು ಆ ಶಸ್ತ್ರಾಗಾರದ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದ್ದನು. ಏಳು ಮಂದಿ ಮಕ್ಕಳಲ್ಲಿ ಹೆನ್ರಿ ಐದನೆಯವನು. 1780ರಲ್ಲಿ ತಂದೆ ತೀರಿಕೊಂಡ ಮೇಲೆ ಹುಡುಗನಿಗೆ ಶಾಲೆಯ ಭಾಗ್ಯ ಬಹುಕಾಲ ಉಳಿಯಲಿಲ್ಲ. ಹನ್ನೆರಡನೆಯ ವಯಸ್ಸಿಗೇ ಅವನು ದುಡಿಮೆಗೆ ನಿಂತನು. ತೋಟಾಗಳಿಗೆ ಮದ್ದು ತುಂಬುವುದು ಅವನಿಗೆ ದೊರೆತ ಮೊದಲ ಕೆಲಸ.

ಎರಡು ವರ್ಷಗಳ ತರುವಾಯ ಅವನನ್ನು ಬಡಗಿಗಳ ವಿಭಾಗಕ್ಕೆ ಕಳುಹಿಸಿದರು. ಹುಡುಗನ ಮೈ ಬಡಗಿಗಳ ನಡುವೆ ಇದ್ದರೂ ಮನಸ್ಸೆಲ್ಲ ಪಕ್ಕದ ಕುಲುಮೆಯಲ್ಲಿತ್ತು. ಸಮಯ ಸಿಕ್ಕಾಗಲೆಲ್ಲ ಅವನು ಅಲ್ಲಿಗೆ ಓಡಿಹೋಗಿ, ಕಾದ ಕಬ್ಬಿಣವು ಸುತ್ತಿಗೆಯ ಕೆಳಗೆ ರೂಪ ತಾಳುವುದನ್ನು ನೋಡುತ್ತ ನಿಲ್ಲುತ್ತಿದ್ದನು. ಕೊನೆಗೆ ಮೇಲಧಿಕಾರಿಗಳು ಅವನ ಒಲವನ್ನು ಅರಿತು, ಹದಿನೈದನೆಯ ವಯಸ್ಸಿನಲ್ಲಿ ಅವನನ್ನು ಕಮ್ಮಾರರ ಸಾಲೆಗೇ ಸೇರಿಸಿದರು. ಅಲ್ಲಿ ಅವನ ಕೈ ಬಲುಬೇಗ ಪಳಗಿತು. ಒಲೆಯ ಬಳಿ ಪಾತ್ರೆ ಇಡುವ ಮೂರು ಕಾಲಿನ ಪುಟ್ಟ ಪೀಠಗಳನ್ನು ಗಟ್ಟಿ ಕಬ್ಬಿಣದಿಂದ ಬಡಿದು ಮಾಡುವುದು ಅಲ್ಲಿನ ಕೆಲಸಗಾರರ ಹವ್ಯಾಸ. ಸರಕಾರದ ಸಮಯದಲ್ಲಿ, ಸರಕಾರದ ಕಬ್ಬಿಣದಲ್ಲಿ ಮಾಡುತ್ತಿದ್ದುದರಿಂದ ಅದು ನಿಯಮಕ್ಕೆ ವಿರುದ್ಧವಾದುದೇ. ಆದರೂ ಅಂಥ ಪೀಠಗಳನ್ನು ಮಾಡುವುದರಲ್ಲಿ ಈ ಹುಡುಗನನ್ನು ಮೀರಿಸುವವರಿಲ್ಲವೆಂದು ಹಳೆಯ ಕೈಗಳು ಒಪ್ಪಿಕೊಂಡವು. ಕಬ್ಬಿಣದ ಕೆಲಸ ಬಲ್ಲವರ ನಡುವೆ ವುಲಿಚ್ಚಿನ ಈ ತರುಣನ ಹೆಸರು ಲಂಡನ್ನಿನವರೆಗೂ ಹಬ್ಬಿತು.

ಆ ಕಾಲದಲ್ಲಿ ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬ ಕುಶಲಿ ಇದ್ದನು. ಕಳ್ಳರು ತೆರೆಯಲಾಗದಂಥ ಬೀಗವೊಂದನ್ನು ಅವನು ಯೋಚಿಸಿ 1784ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಿದ್ದನು. ಬೀಗವನ್ನು ಕಾಗದದ ಮೇಲೆ ಬರೆದದ್ದಾಯಿತು. ಆದರೆ ಅದನ್ನು ಲೋಹದಲ್ಲಿ ಮಾಡಿಕೊಡುವವರು ಯಾರು? ಅದರೊಳಗಿನ ಸಣ್ಣ ಸಣ್ಣ ಜಾರುಪಟ್ಟಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಬೀಗ ಕೆಡುತ್ತಿತ್ತು. ಬ್ರಾಮಾನ ಒಬ್ಬ ಕೆಲಸಗಾರನು ಮಾಡ್‌ಸ್ಲೇಯ ಹೆಸರನ್ನು ಸೂಚಿಸಿದನು. 1789ರಲ್ಲಿ ಕರೆ ಹೋಯಿತು. ಬಂದು ನಿಂತವನನ್ನು ಕಂಡು ಬ್ರಾಮಾನಿಗೆ ಆಶ್ಚರ್ಯವಾಯಿತು. ಎತ್ತರವಾದ ನಿಲುವಿನ, ಬಲವಾದ ಮೈಕಟ್ಟಿನ ಯುವಕ ಅವನು, ನಿಜ. ಆದರೆ ಅವನಿಗೆ ವಯಸ್ಸು ಕೇವಲ ಹದಿನೆಂಟು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅಂದಿನ ಪದ್ಧತಿಯಂತೆ ಏಳು ವರ್ಷ ಗುರುವಿನ ಬಳಿ ದುಡಿದು ಕಲಿತವನನ್ನು ಮಾತ್ರ ಪೂರ್ಣ ಕೆಲಸಗಾರನೆಂದು ಇತರರು ಒಪ್ಪುತ್ತಿದ್ದರು. ಮಾಡ್‌ಸ್ಲೇ ಹಾಗೆ ಕಲಿತವನಲ್ಲ.

ಬ್ರಾಮಾನ ಮೇಸ್ತ್ರಿಯೂ ಹಿಂದೆಮುಂದೆ ನೋಡತೊಡಗಿದಾಗ, ಮಾಡ್‌ಸ್ಲೇಯ ಕಣ್ಣು ಅಲ್ಲಿದ್ದ ಒಂದು ಹಳೆಯ ವೈಸಿನ ಮೇಲೆ ಬಿದ್ದಿತು. ಅರದಿಂದ ಉಜ್ಜುವಾಗ ಲೋಹದ ತುಂಡನ್ನು ಕಚ್ಚಿ ಹಿಡಿಯುವ ಉಪಕರಣವೇ ವೈಸ್. ಅದರ ದವಡೆಗಳು ಸವೆದು, ಹಲ್ಲುಗಳು ಮೊಂಡಾಗಿ, ಯಾರೂ ಮುಟ್ಟದ ಸ್ಥಿತಿಯಲ್ಲಿ ಅದು ಮೇಜಿಗೆ ಅಂಟಿಕೊಂಡಿತ್ತು. ಸಂಜೆ ಆರು ಗಂಟೆಯೊಳಗೆ ಅದನ್ನು ಹೊಸದರಂತೆ ಮಾಡಿಕೊಟ್ಟರೆ ತನ್ನ ಕೈಯ ಯೋಗ್ಯತೆ ಸಿದ್ಧವಾದಂತೆ ಆಗುವುದೇ ಎಂದು ಅವನು ಕೇಳಿದನು. ಮೇಸ್ತ್ರಿ ಒಪ್ಪಿದನು. ಮಾಡ್‌ಸ್ಲೇ ಕೋಟನ್ನು ಕಳಚಿಟ್ಟು ಕೆಲಸಕ್ಕೆ ತೊಡಗಿದನು. ಸವೆದ ದವಡೆಗಳಿಗೆ ಹೊಸ ಉಕ್ಕನ್ನು ಬೆಸೆದನು. ಅರದಿಂದ ಉಜ್ಜಿ ಅವುಗಳ ಮುಖವನ್ನು ಸಮಮಾಡಿದನು. ಹಲ್ಲುಗಳನ್ನು ಮತ್ತೆ ಕೊರೆದನು. ಕೊನೆಗೆ ಕಾಯಿಸಿ ತಣಿಸಿ ಉಕ್ಕಿಗೆ ಹದ ಕೊಟ್ಟನು. ಗಂಟೆ ಆರು ಹೊಡೆಯುವ ಮೊದಲೇ ಹಳೆಯ ವೈಸ್ ಅಕ್ಕಪಕ್ಕದ ವೈಸುಗಳಿಗಿಂತ ಚೊಕ್ಕಟವಾಗಿ ನಿಂತಿತ್ತು. ಅದನ್ನು ನೋಡಿದ ಮೇಲೆ ವಯಸ್ಸಿನ ಮಾತನ್ನೂ ಏಳು ವರ್ಷದ ಮಾತನ್ನೂ ಯಾರೂ ಎತ್ತಲಿಲ್ಲ. ಕೆಟ್ಟುಹೋದುದನ್ನು ಬಿಸಾಡದೆ ಸರಿಪಡಿಸಬಲ್ಲವನಿಗೆ ಹೊಸದನ್ನು ಮಾಡುವುದು ತಿಳಿದೇ ಇರುತ್ತದೆ ಎಂಬುದು ಆ ಮೇಸ್ತ್ರಿಗೆ ಗೊತ್ತಿದ್ದಿರಬೇಕು.

ಬ್ರಾಮಾನ ಬಳಿ ಮಾಡ್‌ಸ್ಲೇ ಎಂಟು ವರ್ಷ ದುಡಿದನು. ಬೀಗದ ಬಿಡಿಭಾಗಗಳನ್ನು ಕೈಯಿಂದ ಮಾಡುವುದಕ್ಕೆ ಬದಲಾಗಿ, ಅವುಗಳನ್ನು ಮಾಡಬಲ್ಲ ಯಂತ್ರಗಳನ್ನು ಅವನು ರಚಿಸಿದನು. ಅವನ ಕೈಯಿಂದ ಸಿದ್ಧವಾದ ಒಂದು ಬೀಗವನ್ನು ಬ್ರಾಮಾ 1790ರಲ್ಲಿ ತನ್ನ ಅಂಗಡಿಯ ಕಿಟಕಿಯಲ್ಲಿಟ್ಟು, ಬೀಗದ ಕೈ ಇಲ್ಲದೆ ಅದನ್ನು ತೆರೆದವರಿಗೆ 200 ಗಿನಿಗಳ ಬಹುಮಾನವೆಂದು ಸಾರಿದನು. ಆ ಬಹುಮಾನ ಅರುವತ್ತು ವರ್ಷಗಳ ಕಾಲ ಯಾರಿಗೂ ದಕ್ಕಲಿಲ್ಲ. 1851ರಲ್ಲಿ ಹಾಬ್ಸ್ ಎಂಬ ಅಮೆರಿಕನ್ ಬೀಗತಜ್ಞನು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆಗಳ ಕಾಲ ಹೆಣಗಿ ಅದನ್ನು ತೆರೆದನು. ಅಷ್ಟು ಹೊತ್ತು ಯಾವ ಕಳ್ಳನಿಗೆ ಸಿಕ್ಕೀತು!

ಬ್ರಾಮಾನ ಇನ್ನೊಂದು ಪ್ರಸಿದ್ಧ ರಚನೆ ನೀರಿನ ಒತ್ತಡದಿಂದ ನಡೆಯುವ ಭಾರಿ ಒತ್ತುಯಂತ್ರ. 1795ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆತರೂ ಒಂದು ತೊಂದರೆ ಉಳಿದೇ ಇತ್ತು. ಒತ್ತಡ ಏರಿದಾಗ ಒರಳಿನಂಥ ಪಾತ್ರೆಗೂ ಅದರೊಳಗೆ ಚಲಿಸುವ ಕಂಬಕ್ಕೂ ನಡುವಿನ ಸಂದಿನಿಂದ ನೀರು ಚಿಮ್ಮುತ್ತಿತ್ತು. ಸಂದನ್ನು ಬಿಗಿಯಾಗಿ ಮುಚ್ಚಿದರೆ ನೀರೇನೋ ನಿಲ್ಲುತ್ತಿತ್ತು, ಆದರೆ ಕಂಬವೂ ಅಲುಗದೆ ಸಿಕ್ಕಿಕೊಳ್ಳುತ್ತಿತ್ತು. ಬಟ್ಟಲಿನ ಅಂಚಿನಂತೆ ಮಡಿಸಿದ ಒಂದು ತೊಗಲಿನ ಬಳೆಯನ್ನು ಸಂದಿನಲ್ಲಿ ಕೂಡಿಸುವ ಉಪಾಯವನ್ನು ಹೊಳೆಯಿಸಿದವನು ಮಾಡ್‌ಸ್ಲೇ ಎಂದು ಅವನ ಶಿಷ್ಯ ನ್ಯಾಸ್ಮಿತ್ ದಾಖಲಿಸಿದ್ದಾನೆ. ನೀರಿನ ಒತ್ತಡ ಹೆಚ್ಚಿದಷ್ಟೂ ತೊಗಲು ಅರಳಿ ಕಂಬಕ್ಕೆ ಬಿಗಿಯಾಗಿ ಅಂಟುತ್ತದೆ; ಒತ್ತಡ ಇಳಿದೊಡನೆ ತಾನೇ ಸಡಿಲಿಸುತ್ತದೆ. ನೀರನ್ನು ತಡೆಯುವ ಕೆಲಸವನ್ನು ನೀರಿಗೇ ಒಪ್ಪಿಸಿದ ಈ ಉಪಾಯ ಸರಳವಾಗಿದೆ. ಹೊಳೆಯುವುದು ಮಾತ್ರ ಸುಲಭವಲ್ಲ.

ಈ ನಡುವೆ, 1791ರಲ್ಲಿ, ಅವನು ಬ್ರಾಮಾನ ಮನೆಯಲ್ಲಿ ಕೆಲಸಕ್ಕಿದ್ದ ಸಾರಾ ಟಿಂಡೆಲ್ ಎಂಬವಳನ್ನು ಮದುವೆಯಾದನು. ಕೆಲಸದಲ್ಲಿ ಎಲ್ಲರಿಗಿಂತ ಕಿರಿಯನಾದರೂ ಮುಖ್ಯ ಮೇಸ್ತ್ರಿಯ ಪದವಿಗೇರಿದನು. ಸಂಸಾರ ಬೆಳೆಯಿತು, ಸಂಬಳ ಮಾತ್ರ ವಾರಕ್ಕೆ ಮೂವತ್ತು ಷಿಲಿಂಗಿನಲ್ಲೇ ನಿಂತಿತ್ತು. 1797ರಲ್ಲಿ ಅವನು ಸಂಬಳ ಹೆಚ್ಚಿಸಬೇಕೆಂದು ಕೇಳಿದನು. ಬ್ರಾಮಾ ಒಪ್ಪಲಿಲ್ಲ. ಮಾಡ್‌ಸ್ಲೇ ಕೆಲಸ ಬಿಟ್ಟು, ಲಂಡನ್ನಿನ ವೆಲ್ಸ್ ಬೀದಿಯಲ್ಲಿ ಒಂದು ಸಣ್ಣ ಮಳಿಗೆಯನ್ನೂ ಕುಲುಮೆಯನ್ನೂ ಬಾಡಿಗೆಗೆ ಹಿಡಿದನು. ಚಿತ್ರಕಾರನೊಬ್ಬನ ದೊಡ್ಡ ಚಿತ್ರಫಲಕದ ಆಧಾರಕ್ಕೆ ಕಬ್ಬಿಣದ ಕೆಲಸ ಮಾಡಿಕೊಡುವುದು ಅವನಿಗೆ ದೊರೆತ ಮೊದಲ ಗುತ್ತಿಗೆ. ಕೆಲವು ಷಿಲಿಂಗುಗಳನ್ನು ಉಳಿಸಲು ಹೋಗಿ ಬ್ರಾಮಾ ಎಂಥ ಕೈಯನ್ನು ಕಳೆದುಕೊಂಡನೆಂಬುದು ಮುಂದೆ ಲೋಕಕ್ಕೇ ತಿಳಿಯಿತು.

ಮಾಡ್‌ಸ್ಲೇಯ ಹೆಸರನ್ನು ಉಳಿಸಿರುವ ಲೇತ್ ಯಂತ್ರವು ರೂಪುಗೊಂಡದ್ದು ಈ ಕಾಲದಲ್ಲಿಯೇ. ಲೇತ್ ಎಂದರೆ ಕಡೆಯುವ ಯಂತ್ರ. ಅದರಲ್ಲಿ ಮರದ ಅಥವಾ ಲೋಹದ ತುಂಡು ತನ್ನ ಅಚ್ಚಿನ ಮೇಲೆ ಗಿರ್ರನೆ ತಿರುಗುತ್ತಿರುತ್ತದೆ. ಉಳಿಯನ್ನು ಅದಕ್ಕೆ ತಾಗಿಸಿದಾಗ ಸಿಪ್ಪೆ ಎದ್ದು ತುಂಡು ದುಂಡಗಾಗುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವವರು ಮರವನ್ನು ಕಡೆಯುವುದನ್ನು ಕಂಡವರಿಗೆ ಇದು ತಿಳಿದ ಸಂಗತಿ. ಮರಕ್ಕೆ ಉಳಿಯನ್ನು ಕೈಯಿಂದ ಒತ್ತಿ ಹಿಡಿದರೆ ಸಾಕು. ಆದರೆ ಕಬ್ಬಿಣದ ಮಾತು ಬೇರೆ. ಕಬ್ಬಿಣವು ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಕೈ ನಡುಗುತ್ತದೆ, ಹಿಡಿತ ಸ್ವಲ್ಪ ಸಡಿಲವಾದರೂ ಕೆಲಸ ಕೆಡುತ್ತದೆ. ಆ ಕಾಲದ ಲೇತುಗಳಲ್ಲಿ ಬಹುಪಾಲು ಮರದ ಚೌಕಟ್ಟಿನವೇ ಆಗಿದ್ದುದರಿಂದ ಯಂತ್ರವೂ ಕೈಯ ಜೊತೆಗೆ ನಡುಗುತ್ತಿತ್ತು.

ಮಾಡ್‌ಸ್ಲೇ ಚೌಕಟ್ಟನ್ನು ಲೋಹದಿಂದ ಮಾಡಿದನು. ಉಳಿಯನ್ನು ಕೈಯಿಂದ ಬಿಡಿಸಿ, ಲೋಹದ ದಂಡಗಳ ಮೇಲೆ ಅಲುಗದೆ ಜಾರುವ ಒಂದು ಪೀಠಕ್ಕೆ ಬಿಗಿದನು. ಆ ಪೀಠವನ್ನು ಮುಂದಕ್ಕೆ ಸಾಗಿಸಲು ಯಂತ್ರದ ಉದ್ದಕ್ಕೂ ಒಂದು ನೀಳವಾದ ತಿರುಪನ್ನು ಇಟ್ಟು, ಅದನ್ನು ತಿರುಗುವ ತುಂಡಿನ ಅಚ್ಚಿನೊಡನೆ ಹಲ್ಲುಚಕ್ರಗಳಿಂದ ಕೂಡಿಸಿದನು. ತುಂಡು ಒಂದು ಸುತ್ತು ಸುತ್ತುವಷ್ಟರಲ್ಲಿ ಉಳಿ ಎಷ್ಟು ದೂರ ಸಾಗಬೇಕೆಂಬುದು ಕೆಲಸಗಾರನ ಅಂದಾಜಿಗೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ. ಚಕ್ರದ ಹಲ್ಲುಗಳ ಎಣಿಕೆ ಅದನ್ನು ನಿರ್ಣಯಿಸಿತು. ಹೀಗೆ ಸಾಗಿದ ಉಳಿ ತುಂಡಿನ ಮೇಲೆ ಒಂದೇ ಸಮನಾದ ಸುರುಳಿಯನ್ನು ಕೊರೆಯುತ್ತದೆ. ಅದೇ ತಿರುಪಿನ ಎಳೆ. ಅವನ ಮೊದಲ ಲೇತಿನಲ್ಲಿ ಬೇರೆ ಅಳತೆಯ ಎಳೆ ಬೇಕಾದಾಗ ನೀಳ ತಿರುಪನ್ನೇ ಬದಲಾಯಿಸಬೇಕಾಗಿತ್ತು. ಸುಮಾರು 1800ರ ಲೇತಿನಲ್ಲಿ ಹಲ್ಲುಚಕ್ರಗಳನ್ನು ಬದಲಾಯಿಸಿದರೆ ಸಾಕಾಯಿತು. ತುಂಡಿನ ಒಂದು ಸುತ್ತಿಗೆ ನೀಳ ತಿರುಪು ಅರ್ಧ ಸುತ್ತು ಮಾತ್ರ ತಿರುಗುವಂತೆ ಚಕ್ರಗಳನ್ನು ಜೋಡಿಸಿದರೆ, ಹೊಸ ತಿರುಪಿನ ಎಳೆಗಳು ಮೂಲ ತಿರುಪಿನದಕ್ಕಿಂತ ಎರಡರಷ್ಟು ಒತ್ತಾಗಿ ಬರುತ್ತವೆ. ಒಂದು ಒಳ್ಳೆಯ ತಿರುಪಿನಿಂದ ನೂರು ಬಗೆಯ ತಿರುಪುಗಳು ಹುಟ್ಟುವ ದಾರಿ ಹೀಗೆ ತೆರೆಯಿತು.

ಇವೆಲ್ಲವನ್ನೂ ಮೊದಲು ಕಂಡವನು ಮಾಡ್‌ಸ್ಲೇಯೇ ಎಂದು ಹೇಳುವವರುಂಟು. ಅದು ಸರಿಯಲ್ಲ. ಜಾರುವ ಪೀಠವು ಫ್ರಾನ್ಸಿನ ವೋಕಾನ್‌ಸನ್ ಎಂಬವನ ಲೇತಿನಲ್ಲಿ ಅದಕ್ಕೆ ಎಷ್ಟೋ ಮೊದಲೇ ಇತ್ತು. ತಿರುಪು ಕೊರೆಯುವ ಲೇತನ್ನು ಲಂಡನ್ನಿನ ಉಪಕರಣಕಾರ ರ್‍ಯಾಮ್ಸ್‌ಡೆನ್ 1770ರ ದಶಕದಲ್ಲಿ ಮಾಡಿದ್ದನು. ಆದರೆ ಗಟ್ಟಿಯಾದ ಲೋಹದ ಚೌಕಟ್ಟು, ಜಾರುವ ಪೀಠ, ನೀಳವಾದ ತಿರುಪು, ಬದಲಾಯಿಸಬಲ್ಲ ಚಕ್ರಗಳು ಇವುಗಳನ್ನು ಒಂದೇ ಯಂತ್ರದಲ್ಲಿ ಕೂಡಿಸಿ, ಅದು ದಿನದಿನದ ಕೆಲಸಕ್ಕೆ ಒದಗುವಂತೆ ಮಾಡಿದ ಕೀರ್ತಿ ಅವನದು. ಅದು ಸಣ್ಣ ಕೀರ್ತಿಯೇನೂ ಅಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲೇತಿನಲ್ಲಿರುವ ನೀಳ ತಿರುಪಿನಲ್ಲಿ ದೋಷವಿದ್ದರೆ ಆ ದೋಷವು ಅದರಿಂದ ಹುಟ್ಟುವ ಪ್ರತಿಯೊಂದು ತಿರುಪಿಗೂ ಇಳಿಯುತ್ತದೆ. ಹಾಗಾದರೆ ದೋಷವಿಲ್ಲದ ಮೊದಲ ತಿರುಪು ಎಲ್ಲಿಂದ ಬರಬೇಕು? ಅದನ್ನು ಕೊರೆದುಕೊಡುವ ಯಂತ್ರ ಆಗ ಲೋಕದಲ್ಲೇ ಇರಲಿಲ್ಲ. ಸರಿಯಿಲ್ಲದ ಸಲಕರಣೆಗಳಿಂದ ಸರಿಯಾದುದನ್ನು ಹುಟ್ಟಿಸಬೇಕಾಗಿತ್ತು. ಮಾಡ್‌ಸ್ಲೇಯ ಜೀವನದ ನಿಜವಾದ ಹೋರಾಟ ಇದೇ. ದುಂಡಾದ ಮರದ ಅಥವಾ ಮೆದುವಾದ ಲೋಹದ ತುಂಡಿಗೆ ಓರೆಯಾಗಿ ಒಂದು ಬಾಗಿದ ಅಲಗನ್ನು ತಾಗಿಸಿದರೆ, ತುಂಡು ತಿರುಗಿದಂತೆ ಅಲಗು ತಾನೇ ಸುರುಳಿಯನ್ನು ಗೀರುತ್ತ ಮುಂದೆ ಸಾಗುತ್ತದೆ. ಅಲಗಿನ ಓರೆಯನ್ನು ಲೆಕ್ಕ ಹಾಕಿ ಇಟ್ಟು ಅವನು ಇಂಥ ತಿರುಪುಗಳನ್ನು ಒಂದರ ಮೇಲೊಂದು ಕೊರೆದನು. ಅವುಗಳನ್ನು ಹೋಲಿಸಿ ನೋಡಿ, ಅತ್ಯುತ್ತಮವಾದುದನ್ನು ಆರಿಸಿ, ಅದರಿಂದ ಉಕ್ಕಿನ ತಿರುಪನ್ನು ಮಾಡಿದನು. ಅದಕ್ಕಿಂತ ಉತ್ತಮವಾದುದನ್ನು ಅದರಿಂದಲೇ ಪಡೆಯಲು ಮತ್ತೆ ದುಡಿದನು. ಹೀಗೆ ಬೆಳೆದ ಕೈಚಳಕದಿಂದ ಅವನು ಐದು ಅಡಿ ಉದ್ದದ, ಎರಡು ಅಂಗುಲ ದಪ್ಪದ ಒಂದು ತಿರುಪನ್ನು ಮಾಡಿದನು. ಅದರ ಒಂದೊಂದು ಅಂಗುಲದಲ್ಲಿಯೂ ಐವತ್ತು ಎಳೆಗಳು. ಅದರ ನಟ್ಟು ಒಂದು ಅಡಿ ಉದ್ದ. ಅದರೊಳಗೆ ಆರುನೂರು ಎಳೆಗಳು. ಅಷ್ಟು ಎಳೆಗಳು ಒಟ್ಟಿಗೆ ಕಚ್ಚಿಕೊಳ್ಳುವುದರಿಂದ ಯಾವುದೋ ಒಂದು ಎಳೆಯ ಸಣ್ಣ ದೋಷವು ನಡೆಯನ್ನು ಕೆಡಿಸಲಾರದು. ಖಗೋಳ ವೀಕ್ಷಣೆಯ ಉಪಕರಣಗಳ ಅಳತೆಪಟ್ಟಿಗಳಲ್ಲಿ ಗೆರೆಗಳನ್ನು ಭಾಗಿಸಲು ಈ ತಿರುಪು ನೆರವಾಯಿತು.

ಅಳೆಯಲಾಗದುದನ್ನು ಸರಿಪಡಿಸಲಾಗದು. ಆದುದರಿಂದ ಅವನು ತನ್ನ ಮೇಜಿನ ಮೇಲಿಡಲು, ತಿರುಪಿನ ನೆರವಿನಿಂದ ಅಂಗುಲದ ಹತ್ತು ಸಾವಿರದಲ್ಲಿ ಒಂದು ಪಾಲನ್ನೂ ಓದಬಲ್ಲ ಒಂದು ಅಳತೆಯ ಉಪಕರಣವನ್ನು ಸುಮಾರು 1805ರಲ್ಲಿ ಮಾಡಿಕೊಂಡನು. ಕೆಲಸಗಾರರಲ್ಲಿ ಅಳತೆಯ ಬಗ್ಗೆ ವಾದ ಹುಟ್ಟಿದರೆ ಅದು ಹೇಳಿದುದೇ ಕೊನೆಯ ಮಾತು. ಅದಕ್ಕೆ ಅವನು ಇಟ್ಟ ಹೆಸರು ಲಾರ್ಡ್ ಚಾನ್ಸೆಲರ್, ಎಂದರೆ ದೇಶದ ಅತ್ಯುನ್ನತ ನ್ಯಾಯಾಧಿಪತಿ. ಇದಲ್ಲದೆ ಕೆಲಸಗಾರರ ಮೇಜುಗಳ ಮೇಲೆ ಸಂಪೂರ್ಣ ಸಮತಟ್ಟಾದ ಲೋಹದ ಹಲಗೆಗಳನ್ನು ಇರಿಸಿದನು. ತಾವು ಉಜ್ಜಿದ ಭಾಗವನ್ನು ಅದರ ಮೇಲಿಟ್ಟು ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಅವರು ಪರೀಕ್ಷಿಸಬೇಕಾಗಿತ್ತು. ಹಲಗೆ ಸಮವಾಗಿದೆಯೆಂದು ತಿಳಿಯುವುದು ಹೇಗೆ? ಎರಡು ಹಲಗೆಗಳು ಒಂದಕ್ಕೊಂದು ಹೊಂದಿದರೆ ಸಾಲದು. ಒಂದು ಉಬ್ಬಾಗಿ ಮತ್ತೊಂದು ತಗ್ಗಾಗಿದ್ದರೂ ಅವು ಹೊಂದುತ್ತವೆ. ಮೂರು ಹಲಗೆಗಳನ್ನು ತೆಗೆದುಕೊಂಡು, ಯಾವ ಎರಡನ್ನು ಕೂಡಿಸಿದರೂ ಹೊಂದುವಂತೆ ಉಜ್ಜಿದರೆ ಮಾತ್ರ ಮೂರೂ ಸಮತಟ್ಟಾಗಿರಲೇಬೇಕು. ಇಲ್ಲಿಯೂ ನಿಖರತೆ ಹುಟ್ಟಿದ್ದು ನಿಖರವಲ್ಲದ ವಸ್ತುಗಳಿಂದ, ತಾಳ್ಮೆಯ ಹೋಲಿಕೆಯಿಂದ.

ಮಾಡ್‌ಸ್ಲೇ ತನ್ನ ಮಳಿಗೆಯ ಕಿಟಕಿಯಲ್ಲಿ ತಾನು ಮಾಡಿದ ತಿರುಪೊಂದನ್ನು ಪ್ರದರ್ಶನಕ್ಕೆ ಇಟ್ಟಿದ್ದನು. ದಾರಿಯಲ್ಲಿ ಹೋಗುತ್ತಿದ್ದ ಫ್ರೆಂಚ್ ಗೃಹಸ್ಥನೊಬ್ಬನು ಅದನ್ನು ಕಂಡು ಬೆರಗಾಗಿ, ತನ್ನ ಗೆಳೆಯ ಮಾರ್ಕ್ ಬ್ರೂನೆಲನಿಗೆ ತಿಳಿಸಿದನು. ಕ್ರಾಂತಿಯ ಕಾಲದಲ್ಲಿ ಫ್ರಾನ್ಸನ್ನು ಬಿಟ್ಟು ಅಮೆರಿಕಕ್ಕೆ ಹೋಗಿ, 1799ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಈ ಎಂಜಿನಿಯರನು ತನ್ನ ಯೋಜನೆಗೆ ರೂಪ ಕೊಡುವ ಕೈಗಾಗಿ ಹುಡುಕುತ್ತಿದ್ದನು. ಗುಟ್ಟು ಬಿಟ್ಟುಕೊಡದೆ ಅವನು ಮೊದಲು ಒಂದು ನಕ್ಷೆಯನ್ನು, ಕೆಲವು ದಿನಗಳ ಮೇಲೆ ಇನ್ನೊಂದನ್ನು ತಂದು ತೋರಿಸಿದನು. ನಕ್ಷೆಗಳನ್ನು ದಿಟ್ಟಿಸಿ ನೋಡಿದ ಮಾಡ್‌ಸ್ಲೇ, ಇವು ಹಡಗಿನ ರಾಟೆಗಳನ್ನು ಮಾಡುವ ಯಂತ್ರಗಳೆಂದು ಥಟ್ಟನೆ ಗುರುತಿಸಿಬಿಟ್ಟನು. ಆಮೇಲೆ ಗುಟ್ಟಿಗೆ ಅವಕಾಶವೇ ಉಳಿಯಲಿಲ್ಲ.

ಹಾಯಿಹಡಗುಗಳ ಆ ಯುಗದಲ್ಲಿ ಹಾಯಿಯನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ತಿರುಗಿಸುವುದಕ್ಕೂ ಮರದ ರಾಟೆಗಳೇ ಆಧಾರ. ದೊಡ್ಡ ಯುದ್ಧನೌಕೆಯೊಂದಕ್ಕೆ ಸುಮಾರು ಒಂದು ಸಾವಿರ ರಾಟೆಗಳು ಬೇಕಾಗುತ್ತಿದ್ದವು. ನೆಪೋಲಿಯನ್ನನೊಡನೆ ಯುದ್ಧ ನಡೆಯುತ್ತಿದ್ದ ಕಾಲ. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಒಂದು ಲಕ್ಷ ರಾಟೆಗಳು ಬೇಕಾಗಿದ್ದವು. ಅವೆಲ್ಲವೂ ಹೆಚ್ಚುಪಾಲು ಕೈಯಿಂದಲೇ ಸಿದ್ಧವಾಗಬೇಕಾಗಿತ್ತು. ನೌಕಾಪಡೆಯ ಅಧಿಕಾರಿ ಸ್ಯಾಮುಯೆಲ್ ಬೆಂಥಮ್ಮನ ಬೆಂಬಲದಿಂದ ಪೋರ್ಟ್ಸ್‌ಮತ್ ಬಂದರಿನಲ್ಲಿ ಬ್ರೂನೆಲನ ಯಂತ್ರಗಳನ್ನು ಸ್ಥಾಪಿಸುವುದೆಂದು ನಿಶ್ಚಯವಾಯಿತು. 1802ರಿಂದ ಸುಮಾರು ಆರು ವರ್ಷ ದುಡಿದು ಮಾಡ್‌ಸ್ಲೇ ನಲವತ್ತಕ್ಕೂ ಹೆಚ್ಚು ಯಂತ್ರಗಳನ್ನು ಮಾಡಿಕೊಟ್ಟನು. ಮರವನ್ನು ಕತ್ತರಿಸುವುದು, ತೂತು ಕೊರೆಯುವುದು, ಗಾಡಿ ಬಿಡಿಸುವುದು, ಅಂಚನ್ನು ದುಂಡುಮಾಡುವುದು ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ; ಎಲ್ಲವನ್ನೂ ನಡೆಸಲು ಉಗಿಯ ಬಲ. 1808ರ ವೇಳೆಗೆ ಅಲ್ಲಿ ವರ್ಷಕ್ಕೆ 1,30,000 ರಾಟೆಗಳು ಸಿದ್ಧವಾಗತೊಡಗಿದವು. ನುರಿತ 110 ಮಂದಿ ಮಾಡುತ್ತಿದ್ದ ಕೆಲಸವನ್ನು ವಿಶೇಷ ಕಲಿಕೆಯಿಲ್ಲದ ಹತ್ತು ಮಂದಿ ಮಾಡಿದರು. ಆ ಯಂತ್ರಗಳಲ್ಲಿ ಕೆಲವು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಅಲ್ಲಿಯೇ ದುಡಿಯುತ್ತಿದ್ದವು.

ಈ ಲೆಕ್ಕವನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಕಣ್ಣು ಕೈಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಕುಶಲತೆಯೇ ಬದುಕಿನ ಬಂಡವಾಳವಾಗಿದ್ದ ನೂರು ಮಂದಿಗೆ ಆ ಕುಶಲತೆ ಇನ್ನು ಬೇಡವಾಯಿತು. ಯಂತ್ರವು ಲೋಕಕ್ಕೆ ತಂದ ಲಾಭವೂ ನಷ್ಟವೂ ಆ ಒಂದು ಕಟ್ಟಡದೊಳಗೆ ಒಟ್ಟಿಗೇ ನಿಂತಿದ್ದವು. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಕೈಯ ಕೆಲಸವನ್ನು ಕೈಯಿಂದ ಬಿಡಿಸಿದವನ ಕೈ ಆ ಕಾಲದ ಅತಿ ಪಳಗಿದ ಕೈಗಳಲ್ಲಿ ಒಂದು. ಅವನು ಹದಿನೆಂಟು ಅಂಗುಲದ ಅರವನ್ನು ಹಿಡಿದು ಉಜ್ಜುವುದನ್ನು ನೋಡುವುದೇ ಒಂದು ಸಂತೋಷವೆಂದು ಅವನ ಹಳೆಯ ಕೆಲಸಗಾರರು ಎಷ್ಟೋ ವರ್ಷಗಳ ಮೇಲೆಯೂ ನೆನೆಯುತ್ತಿದ್ದರು.

ರಾಟೆಯಂತ್ರಗಳಿಂದ ಬಂದ ಹಣವೂ ಹೆಸರೂ ಮಾಡ್‌ಸ್ಲೇಯನ್ನು ಮೇಲಕ್ಕೆತ್ತಿದವು. 1810ರಲ್ಲಿ ಅವನು ಲ್ಯಾಂಬೆತ್ ಎಂಬಲ್ಲಿ, ಕುದುರೆ ಸವಾರಿ ಕಲಿಸುತ್ತಿದ್ದ ಹಳೆಯ ಶಾಲೆಯೊಂದರ ಜಾಗವನ್ನು ಕೊಂಡು ಕಾರ್ಖಾನೆಯನ್ನು ವಿಸ್ತರಿಸಿದನು. ಜೋಷುವಾ ಫೀಲ್ಡ್ ಪಾಲುಗಾರನಾದನು; ಮುಂದೆ ಮಕ್ಕಳೂ ಸೇರಿಕೊಂಡರು. ಹಡಗುಗಳ ಉಗಿಯಂತ್ರಗಳಿಗೆ ಈ ಕಾರ್ಖಾನೆ ಹೆಸರಾಯಿತು. 1825ರಲ್ಲಿ ಬ್ರೂನೆಲ್ ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ತೋಡಲು ಆರಂಭಿಸಿದಾಗ, ತೋಡುವವರನ್ನು ಕಾಪಾಡುವ ಕಬ್ಬಿಣದ ಭಾರಿ ಚೌಕಟ್ಟು ಸಿದ್ಧವಾದದ್ದೂ ಇಲ್ಲಿಯೇ. ಅದೇ ವರ್ಷ ಎಂಟರ್‌ಪ್ರೈಸ್ ಎಂಬ ಹಡಗು ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡನ್ನು ಬಿಟ್ಟು ಡಿಸೆಂಬರಿನಲ್ಲಿ ಕಲ್ಕತ್ತೆಯನ್ನು ಮುಟ್ಟಿತು. ಉಗಿಯ ಬಲದಿಂದಲೂ ಹಾಯಿಗಳ ನೆರವಿನಿಂದಲೂ ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಮೊದಲ ಹಡಗು ಅದು. ಅದರ ಯಂತ್ರಗಳು ಮಾಡ್‌ಸ್ಲೇಯ ಕಾರ್ಖಾನೆಯವು.

ದೊಡ್ಡ ಯಜಮಾನನಾದ ಮೇಲೂ ಅವನು ಅರವನ್ನೂ ಸುತ್ತಿಗೆಯನ್ನೂ ಬಿಡಲಿಲ್ಲ. ಕಾರ್ಖಾನೆಯಲ್ಲಿ ಅವನದೇ ಆದ ಒಂದು ಸಣ್ಣ ಕೆಲಸದ ಕೋಣೆಯಿತ್ತು. ಇಷ್ಟದ ಉಪಕರಣಗಳನ್ನು ಅಲ್ಲಿ ಅಚ್ಚುಕಟ್ಟಾಗಿ ಜೋಡಿಸಿ ಇಟ್ಟುಕೊಂಡಿದ್ದನು. ಕೆಲಸಗಾರರ ಮೇಜುಗಳ ಬಳಿ ಸುಳಿದಾಡಿ, ಒಪ್ಪವಾದ ಕೆಲಸಕ್ಕೆ ಮೆಚ್ಚುಗೆಯನ್ನೂ ಒರಟು ಕೆಲಸಕ್ಕೆ ನಗೆಯ ಚುಚ್ಚುಮಾತನ್ನೂ ಸೀಮೆಸುಣ್ಣದಿಂದ ಮೇಜಿನ ಮೇಲೆಯೇ ಬರೆದು ಹೋಗುವುದು ಅವನ ವಾಡಿಕೆ. ಯಂತ್ರದ ಭಾಗಗಳಲ್ಲಿ ಚೂಪಾದ ಒಳಮೂಲೆಗಳಿರುವುದು ಅವನಿಗೆ ಸೇರುತ್ತಿರಲಿಲ್ಲ. ಮೂಲೆಯನ್ನು ದುಂಡುಮಾಡಿದರೆ ಲೋಹಕ್ಕೆ ಬಲ ಹೆಚ್ಚೆಂದು ಅವನು ಅನುಭವದಿಂದ ಕಂಡುಕೊಂಡಿದ್ದನು. ಕಾರ್ಖಾನೆಯೊಳಗಿನ ತಿರುಪುಗಳಿಗೆಲ್ಲ ಅವನು ಗೊತ್ತಾದ ಅಳತೆಗಳನ್ನು ನಿಗದಿಪಡಿಸಿದನು. ಅಲ್ಲಿ ಒಂದು ನಟ್ಟು ಇನ್ನೊಂದು ಬೋಲ್ಟಿಗೆ ಹೊಂದುವುದು ಸಾಮಾನ್ಯ ಸಂಗತಿಯಾಯಿತು.

ಅವನ ಬಳಿ ಕೆಲಸ ಕಲಿಯಲು ತರುಣರು ಹಾತೊರೆಯುತ್ತಿದ್ದರು. ಆದರೆ ಹಣ ಕೊಟ್ಟು ಸೇರಿದ ಶಿಷ್ಯರಿಂದ ಬೇಸತ್ತು, ಇನ್ನು ಶಿಷ್ಯರನ್ನೇ ತೆಗೆದುಕೊಳ್ಳುವುದಿಲ್ಲವೆಂದು ಅವನು ನಿಶ್ಚಯಿಸಿದ್ದನು. 1829ರಲ್ಲಿ ಜೇಮ್ಸ್ ನ್ಯಾಸ್ಮಿತ್ ಎಂಬ ಇಪ್ಪತ್ತು ವರ್ಷದ ಯುವಕನು ತಂದೆಯೊಡನೆ ದೂರದ ಎಡಿನ್‌ಬರೋ ನಗರದಿಂದ ಬಂದನು. ಮಾಡ್‌ಸ್ಲೇ ತನ್ನ ನಿಶ್ಚಯವನ್ನು ತಿಳಿಸಿ, ನೋಡಿಹೋಗಲೆಂದು ಕಾರ್ಖಾನೆಯನ್ನು ಸುತ್ತಿಸಿದನು. ಯುವಕನು ತಾನೇ ಮಾಡಿದ ಪುಟ್ಟ ಉಗಿಯಂತ್ರವನ್ನೂ ತಾನು ಬರೆದ ನಕ್ಷೆಗಳನ್ನೂ ತೋರಿಸಲು ಅಪ್ಪಣೆ ಬೇಡಿದನು. ಅವುಗಳನ್ನು ಒಬ್ಬನೇ ಕುಳಿತು ಪರೀಕ್ಷಿಸಿದ ಮೇಲೆ ಮಾಡ್‌ಸ್ಲೇಯ ನಿಶ್ಚಯ ಕರಗಿತು. ನ್ಯಾಸ್ಮಿತ್ ಶಿಷ್ಯನಾಗಿ ಅಲ್ಲ, ಅವನ ಸ್ವಂತ ಕೋಣೆಯ ಸಹಾಯಕನಾಗಿಯೇ ಸೇರಿದನು. ನಲವತ್ತು ವರ್ಷಗಳ ಹಿಂದೆ ಒಂದು ಸವೆದ ವೈಸ್ ಮಾಡಿದ ಕೆಲಸವನ್ನೇ ಈ ಪುಟ್ಟ ಯಂತ್ರವೂ ಮಾಡಿತು. ಮುಂದೆ 1839ರಲ್ಲಿ ಉಗಿಯ ಸುತ್ತಿಗೆಯನ್ನು ರೂಪಿಸಿದವನು ಇದೇ ನ್ಯಾಸ್ಮಿತ್. ರಿಚರ್ಡ್ ರಾಬರ್ಟ್ಸ್, ಬ್ಯಾಬೇಜನ ಲೆಕ್ಕಯಂತ್ರದ ಭಾಗಗಳನ್ನು ಮಾಡಿದ ಜೋಸೆಫ್ ಕ್ಲೆಮೆಂಟ್ ಇವರೂ ಈ ಕಾರ್ಖಾನೆಯಲ್ಲಿ ದುಡಿದವರೇ. ಇಲ್ಲಿಯೇ ಕೆಲಸ ಮಾಡಿ ಹೋದ ಜೋಸೆಫ್ ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ತಿರುಪುಗಳನ್ನು ತರಿಸಿ ಅಳೆದು, 1841ರಲ್ಲಿ ದೇಶಕ್ಕೆಲ್ಲ ಅನ್ವಯಿಸಬಹುದಾದ ತಿರುಪಿನ ಅಳತೆಗಳನ್ನು ಸೂಚಿಸಿದನು. ಲ್ಯಾಂಬೆತ್ತಿನ ಗೋಡೆಗಳೊಳಗೆ ನಡೆಯುತ್ತಿದ್ದ ಪದ್ಧತಿ ಆಗ ಹೊರಗೆ ಬಂದಿತು.

ಬಾಳಿನ ಕೊನೆಯ ವರ್ಷಗಳಲ್ಲಿ ಮಾಡ್‌ಸ್ಲೇಯ ಮನಸ್ಸು ಆಕಾಶದ ಕಡೆಗೆ ಹೊರಳಿತು. ಇಪ್ಪತ್ತನಾಲ್ಕು ಅಂಗುಲ ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ಕಟ್ಟಬೇಕೆಂಬ ಆಸೆ ಅವನಿಗೆ ಹುಟ್ಟಿತು. ಅದನ್ನು ಸ್ಥಾಪಿಸುವುದಕ್ಕಾಗಿ ನಾರ್ವುಡ್ ಎಂಬಲ್ಲಿ ಮನೆಯೊಂದನ್ನೂ ಕೊಂಡನು. ಆ ಆಸೆ ನೆರವೇರಲಿಲ್ಲ. 1831ರ ಆರಂಭದಲ್ಲಿ, ಕಾಯಿಲೆ ಬಿದ್ದಿದ್ದ ಗೆಳೆಯನನ್ನು ನೋಡಲು ಫ್ರಾನ್ಸಿಗೆ ಹೋಗಿದ್ದ ಅವನು, ಮರಳಿ ಕಡಲು ದಾಟುವಾಗ ಶೀತ ಹಿಡಿದು ಹಾಸಿಗೆ ಸೇರಿದನು. ಫೆಬ್ರವರಿ 14ರಂದು ತೀರಿಕೊಂಡನು. ಆಗ ಅವನಿಗೆ ಐವತ್ತೊಂಬತ್ತು ವರ್ಷ.

ಅವನು ಮಾಡಿದ ತಿರುಪು ಕೊರೆಯುವ ಲೇತ್ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಅಂಥ ದೊಡ್ಡ ಹೆಸರಿನ ಯಂತ್ರವು ಮೇಜಿನ ಮೇಲೆ ಇಡಬಹುದಾದಷ್ಟು ಚಿಕ್ಕದು. ಅವನ ದೇಹವನ್ನು ಹುಟ್ಟೂರಾದ ವುಲಿಚ್ಚಿನ ಇಗರ್ಜಿಯ ಆವರಣದಲ್ಲಿ ಮಣ್ಣುಮಾಡಿದರು. ಸಮಾಧಿಯ ಮೇಲೆ ಕಲ್ಲನ್ನು ನಿಲ್ಲಿಸಲಿಲ್ಲ. ಅವನೇ ಬರೆದಿಟ್ಟಿದ್ದ ನಕ್ಷೆಯಂತೆ ಎರಕದ ಕಬ್ಬಿಣದ ಸ್ಮಾರಕವನ್ನು ಅಲ್ಲಿ ನಿಲ್ಲಿಸಿದರು.